ಅಮ್ಮನ ಬ್ರಿಟನ್ ವೀಸಾ ತಿರಸ್ಕಾರ ಮತ್ತು ಮೇಲ್ಮನವಿ: ಒಂದು ಪ್ರಕರಣ ಅಧ್ಯಯನ

ತಾಯಿಗೆ 79 ವರ್ಷ. ಗಂಡ ತೀರಿಕೊಂಡ ಮೇಲೆ ಶಿವಮೊಗ್ಗದ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ, ಜೊತೆಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಮಗಳು ಬ್ರಿಟಿಷ್ ಪ್ರಜೆ, ಗಂಡ ಮತ್ತು ಹೈಸ್ಕೂಲು ಓದುವ ಮಗನೊಂದಿಗೆ ಲೆಸ್ಟರ್‌ನಲ್ಲಿ ವಾಸ. ತಾಯಿಯ ಮಗ ಬೆಂಗಳೂರಿನಲ್ಲಿ. ಮನೆಯಲ್ಲಿ ಹೋಮ್ ನರ್ಸ್ ಇದ್ದಾರೆ, ಸಂಬಳ ಮಗಳು ಕಳಿಸುವ ಹಣದಿಂದ. ತಾಯಿಯನ್ನು ಶಾಶ್ವತವಾಗಿ ತನ್ನ ಬಳಿ ಕರೆಸಿಕೊಳ್ಳಲು ಮಗಳು ಅಡಲ್ಟ್ ಡಿಪೆಂಡೆಂಟ್ ರಿಲೇಟಿವ್ (ಆರೈಕೆ ಬೇಕಾದ ವಯಸ್ಕ ಸಂಬಂಧಿ) ವೀಸಾಕ್ಕೆ ಅರ್ಜಿ ಹಾಕಿಸಿದರು. ಮೂರು ಸಾವಿರ ಪೌಂಡ್‌ಗೂ ಮೇಲಿನ ಶುಲ್ಕ ಹೋಯಿತು, ಅರ್ಜಿ ತಿರಸ್ಕಾರವಾಯಿತು.

ಇದು ಯಾವುದೋ ಒಂದು ಮನೆಯ ಕಡತವಲ್ಲ. ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಜೋಡಿಸಿ ಕಟ್ಟಿದ ಮಾದರಿ ಪ್ರಕರಣ. ಕಾನೂನು, ಗಡುವು, ತೀರ್ಪುಗಳು ಮಾತ್ರ ಇದ್ದದ್ದು ಇದ್ದಂತೆ.

ನಿಯಮ ಏನು ಕೇಳುತ್ತದೆ

2012ರ ಜುಲೈ 9ಕ್ಕೆ ಮೊದಲು ಈ ದಾರಿ ಇಷ್ಟು ಕಿರಿದಾಗಿರಲಿಲ್ಲ. 65 ದಾಟಿದ, ಮಕ್ಕಳ ಹಣದ ಮೇಲೆ ಬದುಕುವ ತಂದೆತಾಯಿ ಬರಲು ಅವಕಾಶವಿತ್ತು. ಆ ದಿನದಿಂದ ವಯಸ್ಸು, ಅವಲಂಬನೆ ಎರಡೇ ಸಾಲದಾದವು. ಈಗ ಮೊದಲು ಸಾಬೀತಾಗಬೇಕಾದದ್ದು, ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ಸ್ನಾನ, ಬಟ್ಟೆ ತೊಡುವುದು, ಅಡುಗೆಯಂಥ ದಿನನಿತ್ಯದ ಕೆಲಸಗಳಿಗೂ ಅರ್ಜಿದಾರರಿಗೆ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕು ಎಂಬುದು. ಆಮೇಲೆ, ಬ್ರಿಟನ್‌ನಲ್ಲಿರುವ ಮಗ ಅಥವಾ ಮಗಳು ಹಣ ಕೊಟ್ಟು, ಓಡಾಡಿ ವ್ಯವಸ್ಥೆ ಮಾಡಿದರೂ ಆ ಮಟ್ಟದ ಆರೈಕೆ ಭಾರತದಲ್ಲಿ ಸಿಗುವುದಿಲ್ಲ, ಅಥವಾ ಅದರ ಖರ್ಚು ಭರಿಸಲಾಗುವುದಿಲ್ಲ ಎಂಬುದು. ಇದರ ಮೇಲೆ, ಸರ್ಕಾರದ ನೆರವು ಕೇಳದೆ ಐದು ವರ್ಷ ತಾಯಿಯ ಊಟ, ವಸತಿ, ಆರೈಕೆ ನೋಡಿಕೊಳ್ಳುವುದಾಗಿ ಮಗಳು ಮುಚ್ಚಳಿಕೆ ಬರೆದುಕೊಡಬೇಕು.

ಸಿಕ್ಕು ಇರುವುದು ಇಲ್ಲೇ. ಮಗಳ ಹತ್ತಿರ ಹಣವಿಲ್ಲದಿದ್ದರೆ ಮುಚ್ಚಳಿಕೆಗೆ ಬೆಲೆಯಿಲ್ಲ. ಹಣವಿದ್ದರೆ ಅದೇ ಹಣದಲ್ಲಿ ಶಿವಮೊಗ್ಗದಲ್ಲೇ ಆರೈಕೆ ಕೊಳ್ಳಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಬಹುಪಾಲು ಅರ್ಜಿಗಳು ಬೀಳುವುದು ಈ ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದೆ. ಮಗಳಿಗೆ ತಾಯಿಯ ಮೇಲೆ ಎಷ್ಟು ಪ್ರೀತಿ ಎಂದು ಹತ್ತು ಪುಟ ಬರೆದಿರುತ್ತಾರೆ. ಶಿವಮೊಗ್ಗದಲ್ಲಿ ಏನು ಸಿಗುತ್ತದೆ, ಅದು ಯಾಕೆ ಸಾಲದು ಎಂಬುದಕ್ಕೆ ಒಂದು ಪುಟವೂ ಇರುವುದಿಲ್ಲ.

ತಿರಸ್ಕಾರ ಪತ್ರವನ್ನು ಓದುವ ಬಗೆ

ಪತ್ರದ ಕೊನೆಯ ಭಾಗ ಮೊದಲು ನೋಡಬೇಕು. ಈ ವೀಸಾದ ಅರ್ಜಿಯನ್ನು ಮಾನವ ಹಕ್ಕಿನ ಕೋರಿಕೆ ಎಂದು ಪರಿಗಣಿಸುವುದರಿಂದ ಅದನ್ನು ತಿರಸ್ಕರಿಸಿದರೆ ಮೇಲ್ಮನವಿಯ ಹಕ್ಕು ಇರುತ್ತದೆ, ಮತ್ತು ಪತ್ರದಲ್ಲಿ ಹಾಗೆಂದು ನಮೂದಾಗಿರುತ್ತದೆ. ವಿಸಿಟರ್ ವೀಸಾ ತಿರಸ್ಕಾರಕ್ಕೆ ಸಾಮಾನ್ಯವಾಗಿ ಈ ಹಕ್ಕಿಲ್ಲ. ಎರಡನ್ನೂ ಒಂದೇ ಎಂದುಕೊಂಡು, ಇರುವ ಹಕ್ಕನ್ನು ಬಿಟ್ಟು ಮತ್ತೆ ಪೂರ್ತಿ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಿದವರಿದ್ದಾರೆ.

ಭಾರತದಲ್ಲಿರುವ ಅರ್ಜಿದಾರರಿಗೆ ಗಡುವು ನಿರ್ಧಾರ ಕೈಸೇರಿದ ದಿನದಿಂದ 28 ದಿನ. ಮಾರ್ಚ್ 3ರಂದು ಪತ್ರ ಬಂದಿದ್ದರೆ ಮಾರ್ಚ್ 31 ಕೊನೆಯ ದಿನ. ಇಮೇಲ್ ಬಂದ ದಿನಾಂಕದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದು ಒಳ್ಳೆಯದು. ಗಡುವು ಮೀರಿದರೆ ಕಾರಣ ಬರೆದು ಹೆಚ್ಚಿನ ಸಮಯ ಕೇಳಬಹುದು, ಕೊಡುವುದು ಬಿಡುವುದು ಮೇಲ್ಮನವಿ ಕೇಳುವ ಟ್ರಿಬ್ಯೂನಲ್ಲಿಗೆ ಬಿಟ್ಟದ್ದು. ‘ಡಾಕ್ಟರ ವರದಿ ಇನ್ನೂ ಬಂದಿಲ್ಲ’ ಎಂದು ಕಾಯುವುದು ಬೇಡ. ಮೊದಲು ಮೇಲ್ಮನವಿ ದಾಖಲಾಗಲಿ, ವರದಿ ಹಿಂದಿನಿಂದ ಬರಲಿ.

ನಮ್ಮ ಪ್ರಕರಣದ ಪತ್ರದಲ್ಲಿ ನಾಲ್ಕು ಕಾರಣಗಳಿದ್ದವು. ವೈದ್ಯರ ಪತ್ರದಲ್ಲಿ ಕಾಯಿಲೆಯ ಹೆಸರಿದೆ, ತಾಯಿ ಯಾವ ಕೆಲಸ ಮಾಡಲಾರರು ಎಂಬುದಿಲ್ಲ. ಮನೆಯಲ್ಲಿ ಹೋಮ್ ನರ್ಸ್ ಇರುವುದರಿಂದ ಆರೈಕೆ ಸಿಗುತ್ತಿದೆ ಎಂದಾಯಿತು. ಬೆಂಗಳೂರಿನ ಮಗ ಯಾಕೆ ನೋಡಿಕೊಳ್ಳಲಾರ ಎಂಬ ವಿವರಣೆಯಿಲ್ಲ. ಭಾರತದಲ್ಲಿ ಖಾಸಗಿ ವೃದ್ಧಾಶ್ರಮಗಳಿವೆ, ಮಗಳ ಆದಾಯಕ್ಕೆ ಅವು ಎಟುಕುತ್ತವೆ. ಇವುಗಳಲ್ಲಿ ಯಾವುದೂ ಅಧಿಕಾರಿಯ ಹಟವಲ್ಲ. ಅವರ ಮುಂದಿದ್ದ ಕಾಗದಗಳಿಂದ ಬೇರೆ ತೀರ್ಮಾನ ಹುಟ್ಟುವಂತಿರಲಿಲ್ಲ. ಇದನ್ನು ಒಪ್ಪಿಕೊಂಡಾಗಲೇ ಮೇಲ್ಮನವಿಯ ಕೆಲಸ ಶುರುವಾಗುವುದು.

ದಾಖಲಿಸುವುದು

ಮೇಲ್ಮನವಿ ಹೋಗುವುದು ಫಸ್ಟ್ ಟಿಯರ್ ಟ್ರಿಬ್ಯೂನಲ್ಲಿನ ವಲಸೆ ಮತ್ತು ಆಶ್ರಯ ವಿಭಾಗಕ್ಕೆ, ಆನ್‌ಲೈನಿನಲ್ಲಿ. ಶುಲ್ಕ ಕಾಗದಪತ್ರದ ಮೇಲಷ್ಟೇ ತೀರ್ಮಾನಿಸಲು 80 ಪೌಂಡ್, ವಿಚಾರಣೆ ನಡೆಸಲು 140 ಪೌಂಡ್. ಇಲ್ಲಿ 60 ಪೌಂಡ್ ಉಳಿಸಬೇಡಿ. ಮಗಳನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದಾಗ ತಿಳಿಯುವುದು ಕಾಗದದಿಂದ ತಿಳಿಯುವುದಿಲ್ಲ. ಗೆದ್ದರೆ ಈ ಶುಲ್ಕ ಮರಳಿಸುವಂತೆ ನ್ಯಾಯಾಧೀಶರು ಆದೇಶಿಸಲೂಬಹುದು.

ಮೇಲ್ಮನವಿದಾರರು ತಾಯಿ, ಮಗಳಲ್ಲ. ಹಣ ಕಟ್ಟುವವರು, ಫಾರ್ಮ್ ತುಂಬುವವರು ಮಗಳಾದ್ದರಿಂದ ಹೆಸರಿನ ಜಾಗದಲ್ಲಿ ತಮ್ಮದೇ ಹೆಸರು ಬರೆದು ತೊಡಕು ಮಾಡಿಕೊಳ್ಳುವುದುಂಟು. ಮಗಳು ಸ್ಪಾನ್ಸರ್ (ಹೊಣೆ ಹೊತ್ತು ಕರೆಸಿಕೊಳ್ಳುವವರು) ಮತ್ತು ಮುಖ್ಯ ಸಾಕ್ಷಿ. ತಾಯಿಗೆ ಮರೆವು ಮುಂದುವರಿದಿದ್ದು, ಕಾಗದದಲ್ಲಿ ಏನಿದೆ ಎಂದು ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಅದನ್ನು ಮುಚ್ಚಿಡದೆ ವೈದ್ಯರ ಮಾತಿನೊಂದಿಗೆ ಟ್ರಿಬ್ಯೂನಲ್ಲಿಗೆ ತಿಳಿಸಬೇಕು. ಅವರ ಪರವಾಗಿ ಪ್ರಕರಣ ನಡೆಸಲು ಒಬ್ಬರನ್ನು, ಅಂದರೆ ಲಿಟಿಗೇಷನ್ ಫ್ರೆಂಡ್ ಅನ್ನು, ನೇಮಿಸಲು ಅವಕಾಶವಿದೆ. ಒಂದು ಕಡೆ ‘ಮಗಳ ಗುರುತೂ ಸಿಗುವುದಿಲ್ಲ’ ಎಂಬ ವರದಿ, ಇನ್ನೊಂದು ಕಡೆ ಅದೇ ತಾಯಿಯ ಹೆಸರಿನಲ್ಲಿ ಎಂಟು ಪುಟದ ಸುಸಂಬದ್ಧ ಹೇಳಿಕೆ ಇದ್ದರೆ ಇಡೀ ಕಡತದ ಮೇಲೆ ಅನುಮಾನ ಬರುತ್ತದೆ.

ಬೇರೆಯವರಿಂದ ವಾದ ಮಾಡಿಸುವುದಾದರೆ ಬ್ರಿಟನ್‌ನಲ್ಲಿ ಪರವಾನಗಿಯುಳ್ಳ ಸಾಲಿಸಿಟರ್, ಬ್ಯಾರಿಸ್ಟರ್ ಅಥವಾ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ (2025ರ ಜನವರಿವರೆಗೆ ಇದರ ಹೆಸರು ಓಐಎಸ್‌ಸಿ) ನೋಂದಾಯಿತರಾದ ಮೂರನೆಯ ಹಂತದ ಸಲಹೆಗಾರರು ಬೇಕು. ಅರ್ಜಿ ತುಂಬಿಕೊಟ್ಟ ಇಲ್ಲಿನ ವೀಸಾ ಏಜೆಂಟರಿಂದ ಈ ಕೆಲಸ ಆಗುವುದಿಲ್ಲ.

ಸಾಕ್ಷ್ಯವನ್ನು ಮತ್ತೆ ಕಟ್ಟಿದ ರೀತಿ

ನಿರ್ಧಾರದ ನಂತರ ಹುಟ್ಟಿದ ಸಾಕ್ಷ್ಯವನ್ನೂ ಟ್ರಿಬ್ಯೂನಲ್ ನೋಡಬಹುದು. ಬ್ರಿಟನ್ನಿನ 2002ರ ರಾಷ್ಟ್ರೀಯತೆ, ವಲಸೆ ಮತ್ತು ಆಶ್ರಯ ಕಾಯ್ದೆಯ 85ನೇ ವಿಧಿ ಇದಕ್ಕೆ ಅವಕಾಶ ಕೊಡುತ್ತದೆ. ಅರ್ಜಿಯ ದಿನ ಇಲ್ಲದಿದ್ದ ವರದಿಯನ್ನು ಈಗ ಮಾಡಿಸಿದರೂ ನಡೆಯುತ್ತದೆ ಎಂದರ್ಥ. ವಿಚಾರಣೆಗೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಆ ಅವಧಿಯನ್ನು ಸಾಕ್ಷ್ಯ ಸೇರಿಸಲು ಬಳಸಿಕೊಳ್ಳಬೇಕು.

ಮೊದಲನೆಯದು ವೈದ್ಯಕೀಯ ವರದಿ. ಹಳೆಯ ಪತ್ರದಲ್ಲಿ ಇದ್ದದ್ದು ಮೂರು ಸಾಲು: ಮರೆವು, ಸಕ್ಕರೆ ಕಾಯಿಲೆ, ‘ಮಗಳ ಜೊತೆ ಇರುವುದು ಒಳಿತು’. ಆ ಕೊನೆಯ ಸಾಲು ನೆರವಾಗುವ ಬದಲು ಕೆಡಿಸುತ್ತದೆ. ವೈದ್ಯರು ಕಾರಣ ಹೇಳದೆ ತೀರ್ಮಾನ ಹೇಳಿದರೆ ಮನೆಯವರು ಬರೆಸಿದ್ದು ಎನಿಸುತ್ತದೆ. ಹೊಸ ವರದಿಯನ್ನು ವೃದ್ಧರ ಚಿಕಿತ್ಸೆಯಲ್ಲಿ ಅನುಭವವಿರುವ ಮನೋವೈದ್ಯರಿಂದ ಮಾಡಿಸಲಾಯಿತು. ತಾವು ತಾಯಿಯನ್ನು ಎಷ್ಟು ಸಲ, ಯಾವ ದಿನಾಂಕಗಳಂದು ನೋಡಿದ್ದು, ಯಾವ ಹಳೆಯ ಕಾಗದಗಳನ್ನು ಓದಿದ್ದು, ಪರೀಕ್ಷೆ ಕನ್ನಡದಲ್ಲೇ ನಡೆಸಿದ್ದು ಎಂದು ಅವರು ಆರಂಭದಲ್ಲೇ ಬರೆದರು. ನೆನಪಿನ ಶಕ್ತಿ ಅಳೆಯುವ ಎಂಎಂಎಸ್‌ಇ ಪರೀಕ್ಷೆಯಲ್ಲಿ 30ಕ್ಕೆ 12. ದಿನನಿತ್ಯದ ಕೆಲಸ ಅಳೆಯುವ ಬಾರ್ಥೆಲ್ ಸೂಚ್ಯಂಕದಲ್ಲಿ 100ಕ್ಕೆ 35. ಈ ಅಂಕಿಗಳ ಕೆಳಗೆ ಒಂದೊಂದೇ ಕೆಲಸದ ವಿವರ: ಸ್ನಾನಕ್ಕೆ ಒಬ್ಬರು ಪೂರ್ತಿ ಕೈಹಿಡಿಯಬೇಕು, ತಟ್ಟೆ ಮುಂದಿಟ್ಟರೆ ಉಣ್ಣುವುದಿಲ್ಲ, ತುತ್ತು ಬಾಯಿಗಿಡಬೇಕು, ಇನ್ಸುಲಿನ್ ತಾವೇ ಹಾಕಿಕೊಂಡರೆ ಎರಡು ಸಲ ಹಾಕಿಕೊಳ್ಳುವ ಅಪಾಯ, ಸಂಜೆ ಕಳವಳ ಏರಿ ಬಾಗಿಲು ತೆರೆದು ಹೊರಟುಬಿಡುತ್ತಾರೆ, ರಾತ್ರಿ ಮೂರು ನಾಲ್ಕು ಸಲ ಏಳುತ್ತಾರೆ. ಕಾಯಿಲೆ ಗುಣವಾಗುವಂಥದ್ದಲ್ಲ, ಮುಂದುವರಿಯುವಂಥದ್ದು ಎಂಬ ಮಾತೂ ಬೇಕು, ಯಾಕೆಂದರೆ ನಿಯಮ ಕೇಳುವುದು ದೀರ್ಘಕಾಲದ ಆರೈಕೆಯನ್ನು. ವಿಮಾನದಲ್ಲಿ ಜೊತೆಗೊಬ್ಬರಿದ್ದರೆ ಪ್ರಯಾಣ ಮಾಡಬಲ್ಲರೇ ಎಂಬುದನ್ನೂ ಬರೆಸಬೇಕು. ಅದಿಲ್ಲದಿದ್ದರೆ ‘ಇಷ್ಟು ಹದಗೆಟ್ಟವರು ಹೇಗೆ ಬರುತ್ತಾರೆ’ ಎಂಬ ಪ್ರಶ್ನೆ ವಿಚಾರಣೆಯಲ್ಲಿ ಏಳುತ್ತದೆ.

ಎರಡನೆಯದೇ ಈ ಪ್ರಕರಣದ ಜೀವಾಳ: ಹೋಮ್ ನರ್ಸ್ ಇದ್ದೂ ಆರೈಕೆ ಯಾಕೆ ಸಾಲದು? 2017ರಲ್ಲಿ ಬ್ರಿಟ್‌ಸಿಟ್ಸ್ ಪ್ರಕರಣದಲ್ಲಿ ಅಪೀಲು ನ್ಯಾಯಾಲಯ ಈ ನಿಯಮಗಳು ಕಾನೂನುಬದ್ಧ ಎಂದೇ ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಆರೈಕೆ ಎಂದರೆ ಬರೀ ಊಟ, ಔಷಧಿಯಲ್ಲ. ತಜ್ಞ ವೈದ್ಯರ ಸಾಕ್ಷ್ಯವಿದ್ದಲ್ಲಿ ಮಾನಸಿಕ, ಭಾವನಾತ್ಮಕ ಅಗತ್ಯಗಳನ್ನೂ ಸೇರಿಸಿಯೇ ‘ಬೇಕಾದ ಮಟ್ಟ’ವನ್ನು ಅಳೆಯಬೇಕು. ನಮ್ಮ ಮೇಲ್ಮನವಿ ನಿಂತದ್ದು ಈ ಮಾತಿನ ಮೇಲೆ. ‘ಅಮ್ಮನಿಗೆ ಬೇಜಾರಾಗುತ್ತದೆ’ ಎಂದರೆ ಅದು ಸಾಕ್ಷ್ಯವಲ್ಲ. ‘ಗುರುತಿಲ್ಲದವರು ಮುಟ್ಟಿದರೆ ಗಾಬರಿಯಾಗಿ ಅನ್ನ, ಔಷಧಿ ಎರಡನ್ನೂ ಬಿಡುತ್ತಾರೆ, ಇದರಿಂದ ಸಕ್ಕರೆ ಅಂಶ ಕುಸಿದು ಎರಡು ಸಲ ಆಸ್ಪತ್ರೆಗೆ ಸೇರಿಸಿದೆ’ ಎಂದು ಡಿಸ್ಚಾರ್ಜ್ ಸಮ್ಮರಿಗಳ ಸಮೇತ ವೈದ್ಯರು ಬರೆದರೆ ಅದು ಸಾಕ್ಷ್ಯ. ಮಗಳು ಬಂದು ತಂಗಿದ ವಾರಗಳಲ್ಲಿ ತಾಯಿಯ ತೂಕ, ಸಕ್ಕರೆ ಅಂಶ ಹೇಗಿತ್ತು, ಹೊರಟುಹೋದ ಮೇಲೆ ಏನಾಯಿತು ಎಂಬುದನ್ನು ಗ್ಲೂಕೋಮೀಟರಿನ ದಾಖಲೆಯಿಂದಲೇ ತೋರಿಸಲಾಯಿತು.

ಹೋಮ್ ನರ್ಸ್ ವಿಷಯದಲ್ಲಿ ಹೊರಗಿನವರಿಗೆ ತಿಳಿಯದ ಕೆಲವು ಸಂಗತಿಗಳಿವೆ, ಅವನ್ನು ಬಿಡಿಸಿ ಹೇಳಬೇಕು. ಏಜೆನ್ಸಿ ಕಳಿಸುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ, ಅಲ್ಪಾವಧಿ ತರಬೇತಿ ಪಡೆದ ಸಹಾಯಕರು. ಇನ್ಸುಲಿನ್ ಚುಚ್ಚಲು ಎಷ್ಟೋ ಏಜೆನ್ಸಿಗಳು ಅವರಿಗೆ ಅನುಮತಿ ಕೊಡುವುದಿಲ್ಲ. ‘24 ಗಂಟೆ’ ಎಂದರೆ ಮನೆಯಲ್ಲೇ ತಂಗುವುದು ಎಂದು, ರಾತ್ರಿಯಿಡೀ ಎಚ್ಚರವಿರುವುದು ಎಂದಲ್ಲ. ಊರಿಗೆ ಹೋದವರು ಮರಳಿ ಬರದಿರುವುದು ಸಾಮಾನ್ಯ. ಬದಲಿಗೆ ಬಂದವರಿಗೆ ಕನ್ನಡ ಬಾರದಿರಬಹುದು, ತಾಯಿಗೆ ಬೇರೆ ಭಾಷೆ ಬಾರದು. ಇಷ್ಟನ್ನೂ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಹನ್ನೊಂದು ತಿಂಗಳಲ್ಲಿ ಏಳು ಜನ ಬದಲಾದದ್ದನ್ನು ಏಜೆನ್ಸಿಯ ಬಿಲ್ಲುಗಳು, ವಾಟ್ಸಾಪ್ ಸಂದೇಶಗಳು, ಯುಪಿಐ ಪಾವತಿಗಳಿಂದ ದಿನಾಂಕವಾರು ಪಟ್ಟಿ ಮಾಡಲಾಯಿತು. ಜೊತೆಗೆ 28 ದಿನದ ಆರೈಕೆ ಪುಸ್ತಕ: ಎದ್ದ ಸಮಯ, ಉಂಡದ್ದು, ಬಿಟ್ಟದ್ದು, ಸಕ್ಕರೆ ಅಂಶ, ರಾತ್ರಿ ಎಷ್ಟು ಸಲ ಎದ್ದರು, ಯಾರು ಎಬ್ಬಿಸಿದರು. ಅದು ಸಹಾಯಕಿಯ ಕೈಬರಹದಲ್ಲೇ, ಕನ್ನಡದಲ್ಲೇ ಇತ್ತು. ಚೊಕ್ಕವಾಗಿ ಟೈಪ್ ಮಾಡಿಸಿದ ಪುಸ್ತಕಕ್ಕಿಂತ ಎಣ್ಣೆ ಕಲೆಯಿರುವ ಆ ನೋಟ್‌ಬುಕ್ಕಿನ ಸ್ಕ್ಯಾನ್ ಪ್ರತಿಗೆ ತೂಕ ಹೆಚ್ಚು.

ವೃದ್ಧಾಶ್ರಮಗಳ ಬಗ್ಗೆ ‘ನಮ್ಮ ಸಂಸ್ಕೃತಿಯಲ್ಲಿ ಹೆತ್ತವರನ್ನು ಅಲ್ಲಿ ಬಿಡುವುದಿಲ್ಲ’ ಎಂಬ ವಾದ ಇಟ್ಟರೆ ಸೋಲು ಹತ್ತಿರ ಬಂದಂತೆ. ನಿಯಮ ಕೇಳುವುದು ಇಷ್ಟವನ್ನಲ್ಲ, ಲಭ್ಯತೆಯನ್ನು. ಆದ್ದರಿಂದ ಶಿವಮೊಗ್ಗ, ಬೆಂಗಳೂರು, ಮೈಸೂರಿನ ಆರು ಕಡೆಗೆ ತಾಯಿಯ ವರದಿ ಲಗತ್ತಿಸಿ ಇಮೇಲ್ ಬರೆಯಲಾಯಿತು: ಇನ್ಸುಲಿನ್ ಬೇಕು, ಅಲೆದಾಡುತ್ತಾರೆ, ರಾತ್ರಿ ನಿಗಾ ಬೇಕು, ಸೇರಿಸಿಕೊಳ್ಳುವಿರಾ? ಮೂರು ಕಡೆಯಿಂದ ಓಡಾಡಿಕೊಂಡಿರುವವರಿಗೆ ಮಾತ್ರ ಎಂದು ಬಂತು. ಒಂದು ಕಡೆ ಊರಲ್ಲೇ ಇದ್ದು ಜವಾಬ್ದಾರಿ ಹೊರುವವರ ಸಹಿ ಬೇಕೆಂದರು. ಒಂದು ಕಡೆಯಿಂದ ಉತ್ತರವೇ ಇಲ್ಲ. ಬೆಂಗಳೂರಿನ ಒಂದು ಕಡೆಯವರು, ಮರೆವಿನ ಕಾಯಿಲೆಯವರಿಗೇ ಮೀಸಲಾದ ಜಾಗ, ಸೇರಿಸಿಕೊಳ್ಳುತ್ತೇವೆ ಎಂದರು. ಆ ಉತ್ತರವನ್ನೂ ಬಂಡಲಿನಲ್ಲಿ (ಟ್ರಿಬ್ಯೂನಲ್ಲಿಗೆ ಸಲ್ಲಿಸುವ ದಾಖಲೆಗಳ ಕಟ್ಟಿನಲ್ಲಿ) ಇಡಲಾಯಿತು. ಇಡಲೇಬೇಕು, ಮುಚ್ಚಿಟ್ಟದ್ದು ಎದುರು ಪಕ್ಷದ ಗೂಗಲ್ ಹುಡುಕಾಟದಲ್ಲಿ ಸಿಕ್ಕರೆ ಉಳಿದೆಲ್ಲವೂ ಸುಳ್ಳೆನಿಸುತ್ತದೆ. ಆ ಜಾಗ ಯಾಕೆ ಸಾಲದು ಎಂಬುದಕ್ಕೆ ಮನೋವೈದ್ಯರು ಪೂರಕ ವರದಿ ಕೊಟ್ಟರು: ಅಲ್ಲೂ ಗುರುತಿಲ್ಲದವರ ಕೈಯೇ, ಈ ರೋಗಿ ಹಿಂದೆ ಹತ್ತು ದಿನ ಇಂಥದೇ ಕಡೆ ತಂಗಿದ್ದಾಗ ಅನ್ನ ಬಿಟ್ಟದ್ದು ದಾಖಲೆಯಲ್ಲಿದೆ. ಈ ಹತ್ತು ದಿನದ ಪ್ರಯತ್ನ ಇಲ್ಲದಿದ್ದರೆ ಮೇಲ್ಮನವಿ ಇಲ್ಲಿಯೇ ಸೋಲುವ ಸಾಧ್ಯತೆ ದೊಡ್ಡದಿತ್ತು. ಪ್ರಯತ್ನಿಸಿ ಸೋತದ್ದಕ್ಕೂ, ಪ್ರಯತ್ನಿಸದೇ ‘ಆಗದು’ ಎಂದದ್ದಕ್ಕೂ ನ್ಯಾಯಾಧೀಶರ ಕಣ್ಣಲ್ಲಿ ಬಹಳ ಅಂತರವಿದೆ.

ಹಿರಿಯ ನಾಗರಿಕರ ಪೋಷಣೆಗಾಗಿ ಭಾರತದಲ್ಲಿ 2007ರ ಕಾಯ್ದೆಯಿದೆ, ಜಿಲ್ಲೆಗೊಂದು ವೃದ್ಧಾಶ್ರಮದ ಮಾತು ಅದರಲ್ಲಿದೆ ಎಂಬ ವಾದ ಬರಬಹುದು. ಆ ಕಾಯ್ದೆಯ 19ನೇ ವಿಧಿ ಹೇಳುವುದು ನಿರ್ಗತಿಕ ವೃದ್ಧರ ಬಗ್ಗೆ. ಸ್ವಂತ ಮನೆ, ಕುಟುಂಬ ಪಿಂಚಣಿ ಇರುವ ಈ ತಾಯಿಗೆ ಅದು ಅನ್ವಯಿಸುವುದಿಲ್ಲ ಎಂದು ಒಂದೇ ಪ್ಯಾರಾದಲ್ಲಿ ಉತ್ತರಿಸಿದರೆ ಸಾಕು.

ಬೆಂಗಳೂರಿನ ಮಗ. ‘ಅವನಿಗೆ ಪುರುಸೊತ್ತಿಲ್ಲ’ ಎಂಬುದು ಕಾರಣವಲ್ಲ, ‘ಹೆಂಡತಿಗೆ ಇಷ್ಟವಿಲ್ಲ’ ಎಂಬುದಂತೂ ಅಲ್ಲವೇ ಅಲ್ಲ. ಇಲ್ಲಿ ಇದ್ದ ನಿಜವಾದ ಕಾರಣ, ಆ ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಸೊಸೆಯ ತಂದೆ ಆಗಲೇ ಇದ್ದಾರೆ, ಅವರನ್ನು ನೋಡಿಕೊಳ್ಳಲು ಸೊಸೆ ಕೆಲಸ ಬಿಟ್ಟಿದ್ದಾರೆ, ಮಗ ಶಿಫ್ಟ್ ಕೆಲಸದಲ್ಲಿದ್ದಾರೆ. ಮೊದಲ ಅರ್ಜಿಯಲ್ಲಿ ಇದರ ಸುಳಿವೇ ಇರಲಿಲ್ಲ, ಮನೆಯ ಮಾತು ಹೊರಗೆ ಹೇಳಲು ಸಂಕೋಚ. ಮೇಲ್ಮನವಿಯಲ್ಲಿ ಮಗನ ಸಹಿಯಿರುವ ಹೇಳಿಕೆ, ಬೀಗರ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡು, ಸೊಸೆಯ ರಾಜೀನಾಮೆ ಅಂಗೀಕಾರ ಪತ್ರ, ಶಿಫ್ಟ್ ಪಟ್ಟಿ ಸೇರಿದವು. ಊರಲ್ಲಿರುವ ತಾಯಿಯ ತಮ್ಮ, ತಂಗಿಯರ ಬಗ್ಗೆಯೂ ತಲಾ ಎರಡು ಸಾಲು ಬೇಕು. ಒಬ್ಬರನ್ನು ಬಿಟ್ಟರೂ ಆ ಹೆಸರೇ ಪ್ರಶ್ನೆಯಾಗಿ ಬರುತ್ತದೆ.

ಹಣದ ವಿಷಯದಲ್ಲಿ ಒಂದು ಎಚ್ಚರಿಕೆ. ‘ಆರೈಕೆ ಸಿಗುವುದಿಲ್ಲ’ ಮತ್ತು ‘ಆರೈಕೆ ದುಬಾರಿ’ ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಮಗಳ ಸಂಬಳದ ಚೀಟಿ ನೋಡಿದ ಯಾರೂ ಎರಡನೆಯದನ್ನು ನಂಬುವುದಿಲ್ಲ, ನಂಬದಿದ್ದರೆ ಮೊದಲನೆಯದೂ ಸಡಿಲವಾಗುತ್ತದೆ. ಇಲ್ಲಿ ಮೊದಲನೆಯದನ್ನಷ್ಟೇ ಇಟ್ಟುಕೊಂಡು, ಹಣದ ಬಲವನ್ನು ಮುಚ್ಚಳಿಕೆಯ ಪರವಾಗಿ ಬಳಸಲಾಯಿತು.

ಸಂಬಂಧದ ದಾಖಲೆ ಸಣ್ಣದೆನಿಸಿದರೂ ಕಾಡುತ್ತದೆ. ಮಗಳ ಜನನ ಪತ್ರದಲ್ಲಿ ತಾಯಿಯ ಹೆಸರು ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಗಂಡನ ಹೆಸರು ಸೇರಿ ಇನ್ನೊಂದು ಬಗೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ಎಲ್ಲವೂ ಒಬ್ಬರವೇ ಎಂಬ ಅಫಿಡವಿಟ್ ಜೊತೆಗೆ ಹಳೆಯ ಪಡಿತರ ಚೀಟಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಡಬೇಕು. ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ, ಅದರ ಕೆಳಗೆ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಮತ್ತು ‘ಮೂಲಕ್ಕೆ ನಿಷ್ಠವಾಗಿದೆ’ ಎಂಬ ದೃಢೀಕರಣ.

ವಿಚಾರಣೆ

ತಾಯಿಯ ಪರ ವಾದದ ಸಾರಾಂಶ ಮತ್ತು ಬಂಡಲ್ ಸಲ್ಲಿಸಿದ ಮೇಲೆ ಹೋಮ್ ಆಫೀಸ್ (ವೀಸಾ ನಿರ್ಧರಿಸುವ ಬ್ರಿಟನ್ನಿನ ಗೃಹ ಇಲಾಖೆ) ಅದನ್ನು ಮರುಪರಿಶೀಲಿಸುತ್ತದೆ. ಸಾಕ್ಷ್ಯ ಗಟ್ಟಿಯಿದ್ದರೆ ಈ ಹಂತದಲ್ಲೇ ನಿರ್ಧಾರ ಹಿಂಪಡೆಯುವುದೂ ಉಂಟು. ಇಲ್ಲಿ ಹಾಗಾಗಲಿಲ್ಲ.

ಭಾರತದಲ್ಲಿರುವ ಮಗ ವಿಡಿಯೋ ಕರೆಯಲ್ಲಿ ಸಾಕ್ಷಿ ಹೇಳಲಿ ಎಂದು ಬಹಳಷ್ಟು ಮನೆಯವರು ಲೆಕ್ಕ ಹಾಕಿರುತ್ತಾರೆ. ಅದು ಅಷ್ಟು ಸುಲಭವಲ್ಲ. ಬೇರೆ ದೇಶದ ನೆಲದಲ್ಲಿ ಕುಳಿತು ಬ್ರಿಟನ್ನಿನ ಟ್ರಿಬ್ಯೂನಲ್ಲಿಗೆ ಬಾಯಿಮಾತಿನ ಸಾಕ್ಷ್ಯ ಕೊಡಲು ಆ ದೇಶದ ಆಕ್ಷೇಪವಿಲ್ಲ ಎಂಬುದು ಖಚಿತವಾಗಬೇಕೆಂದು 2021ರ ಅಗ್ಬಬಿಯಾಕ ತೀರ್ಪು ಹೇಳಿದೆ. ಅದಕ್ಕೆ ಪ್ರತ್ಯೇಕ ಪ್ರಕ್ರಿಯೆ, ಪ್ರತ್ಯೇಕ ಸಮಯ ಬೇಕು. ಆದ್ದರಿಂದ ಮಗನದು ಲಿಖಿತ ಹೇಳಿಕೆ ಮಾತ್ರ, ಮಗಳು ಮತ್ತು ಅಳಿಯ ಖುದ್ದು ಹಾಜರು.

ಮೇಲ್ಮನವಿಯ ಆಧಾರ ಒಂದೇ: ತಿರಸ್ಕಾರದಿಂದ ಯುರೋಪಿಯನ್ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಯ ಕೌಟುಂಬಿಕ ಜೀವನದ ಹಕ್ಕಿಗೆ ಧಕ್ಕೆಯಾಗಿದೆ ಎಂಬುದು. ಬೆಳೆದ ಮಗಳು ಮತ್ತು ತಾಯಿಯ ನಡುವೆ ಅಂಥ ಕೌಟುಂಬಿಕ ಜೀವನ ಇದೆ ಎಂದು ತಾನಾಗಿಯೇ ಒಪ್ಪುವುದಿಲ್ಲ. 2003ರ ಕುಗಥಾಸ್ ತೀರ್ಪಿನಿಂದ ಬಂದ ಅಳತೆಯಂತೆ ನಿಜವಾದ, ಪರಿಣಾಮಕಾರಿಯಾದ ಅಥವಾ ಬದ್ಧತೆಯ ಆಸರೆ ಕಾಣಬೇಕು. ಬ್ಯಾಂಕ್ ವರ್ಗಾವಣೆಗಳಿಗಿಂತ ಇಲ್ಲಿ ಕೆಲಸ ಮಾಡಿದ್ದು ಆಸ್ಪತ್ರೆಯ ಒಪ್ಪಿಗೆ ಪತ್ರಗಳು: ಔಷಧಿ ಬದಲಿಸುವಾಗ, ಭರ್ತಿ ಮಾಡುವಾಗ ಪ್ರತಿ ಸಲ ಫೋನಿನಲ್ಲಿ ತೀರ್ಮಾನ ಕೊಟ್ಟವರು ಮಗಳೇ ಎಂದು ಕೇಸ್ ಶೀಟಿನಲ್ಲಿತ್ತು.

ಅತ್ಯಂತ ಕಠಿಣ ಪ್ರಶ್ನೆ ನಿರೀಕ್ಷಿಸಿದ್ದೇ: ನೀವೇ ಯಾಕೆ ಶಿವಮೊಗ್ಗಕ್ಕೆ ಹೋಗಿ ಇರಬಾರದು? 2018ರ ರಿಬೆಲಿ ಪ್ರಕರಣದಲ್ಲಿ ಮಗಳು ದಕ್ಷಿಣ ಆಫ್ರಿಕಾಕ್ಕೆ ಮರಳಿ ತಾಯಿಯನ್ನು ನೋಡಿಕೊಳ್ಳಬಹುದಿತ್ತು ಎಂಬ ಕಾರಣಕ್ಕೆ ಮೇಲ್ಮನವಿ ಬಿದ್ದುಹೋಗಿತ್ತು. ನಮ್ಮ ಪ್ರಕರಣದ ಮಗಳ ಬಳಿ ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದೆ, ಆದ್ದರಿಂದ ‘ಭಾರತದಲ್ಲಿ ಇರಲು ಬಿಡುವುದಿಲ್ಲ’ ಎಂದು ಹೇಳುವಂತಿಲ್ಲ, ಹೇಳಲೂ ಇಲ್ಲ. ಹೇಳಿದ್ದು ಆಕೆಯ ಹೈಸ್ಕೂಲು ಓದುವ ಮಗನ ಬಗ್ಗೆ: ಬ್ರಿಟನ್ನಿನಲ್ಲಿ ಹೈಸ್ಕೂಲಿನ ಕೊನೆಗೆ ಬರುವ ಜಿಸಿಎಸ್‌ಇ ಪರೀಕ್ಷೆಯ ವರ್ಷ, ಶಾಲೆಯಿಂದ ಬಂದ ವಿಶೇಷ ಕಲಿಕೆಯ ಅಗತ್ಯದ ವರದಿ, ಆ ಹುಡುಗ ತನ್ನ ತಾಯಿಯಿಂದ ದೂರವಾದರೆ ಆಗುವ ಪರಿಣಾಮ. ಮಗುವಿನ ಹಿತವನ್ನು ಟ್ರಿಬ್ಯೂನಲ್ ಮುಖ್ಯವಾಗಿ ಪರಿಗಣಿಸಲೇಬೇಕು. ನೌಕರಿ, ಮನೆ ಸಾಲ ಇವನ್ನೇ ಮುಂದಿಟ್ಟಿದ್ದರೆ ರಿಬೆಲಿಯ ದಾರಿಯೇ ಆಗುತ್ತಿತ್ತು.

ನ್ಯಾಯಾಧೀಶರು ಮೇಲ್ಮನವಿ ಪುರಸ್ಕರಿಸಿದರು. ಬೇಕಾದ ಮಟ್ಟದ ಆರೈಕೆ ಭಾರತದಲ್ಲಿ ಸಿಗುವುದಿಲ್ಲ ಎಂಬ ನಿಯಮದ ಷರತ್ತೇ ಪೂರೈಸಿದೆ ಎಂದು ಕಂಡುಕೊಂಡರು. ಕೌಟುಂಬಿಕ ಜೀವನ ಇದೆಯೆಂದು ಒಪ್ಪಿದ ಮೇಲೆ ನಿಯಮವೂ ಪೂರೈಸಿದ್ದರೆ ತಿರಸ್ಕಾರಕ್ಕೆ ಸಾರ್ವಜನಿಕ ಹಿತದ ಸಮರ್ಥನೆ ಉಳಿಯುವುದಿಲ್ಲ. 2018ರ ಟಿಝಡ್ (ಪಾಕಿಸ್ತಾನ್) ತೀರ್ಪಿನ ತಿರುಳು ಇದೇ. ‘ನಿಯಮ ಪೂರೈಸಿಲ್ಲ, ಆದರೂ ಕರುಣೆ ತೋರಿಸಿ’ ಎಂಬ ವಾದಕ್ಕಿಂತ ನಿಯಮವನ್ನೇ ಪೂರೈಸಿ ತೋರಿಸುವ ವಾದ ಯಾವಾಗಲೂ ಮೇಲು.

ಗೆದ್ದ ಮೇಲೆ

ತೀರ್ಪು ಬಂದ ತಕ್ಷಣ ಟಿಕೆಟ್ ಬುಕ್ ಮಾಡಬೇಡಿ. ಕಾನೂನಿನ ತಪ್ಪಾಗಿದೆ ಎನಿಸಿದರೆ ಮೇಲಿನ ಹಂತದ ಅಪ್ಪರ್ ಟ್ರಿಬ್ಯೂನಲ್ಲಿಗೆ ಹೋಗಲು ಅನುಮತಿ ಕೋರಿ ಹೋಮ್ ಆಫೀಸ್ 14 ದಿನದೊಳಗೆ ಅರ್ಜಿ ಹಾಕಬಹುದು. ಅದು ದಾಟಿದ ಮೇಲೂ ವೀಸಾ ತಾನಾಗಿ ಬರುವುದಿಲ್ಲ. ಪಾಸ್‌ಪೋರ್ಟ್ ಮತ್ತೆ ಕೇಳುತ್ತಾರೆ, ವಾರಗಳು ತಿಂಗಳಾಗುವುದುಂಟು. ಆರು ತಿಂಗಳಷ್ಟೇ ಬಾಳುವ ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಅಷ್ಟರಲ್ಲಿ ಹಳತಾಗಿರುತ್ತದೆ. ಹೋಮ್ ಆಫೀಸ್ ಮಾನ್ಯ ಮಾಡಿದ ಕ್ಲಿನಿಕ್ಕಿನಲ್ಲಿ ಮತ್ತೆ ಮಾಡಿಸಬೇಕು. ತಾಯಿಯ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂದಿದ್ದರೆ ಮೇಲ್ಮನವಿ ನಡೆಯುತ್ತಿರುವಾಗಲೇ ನವೀಕರಿಸಿ, ಹೊಸ ಸಂಖ್ಯೆಯನ್ನು ವಕೀಲರಿಗೆ ತಿಳಿಸಿ. ಸ್ಪಾನ್ಸರ್ ಬ್ರಿಟಿಷ್ ಪ್ರಜೆಯಾಗಿದ್ದು ನಿಯಮದಡಿಯೇ ಗೆದ್ದಿದ್ದರೆ ಸಿಗಬೇಕಾದದ್ದು ಅನಿರ್ದಿಷ್ಟ ಅವಧಿಯ ಪ್ರವೇಶ. ವೀಸಾ ಕೈಗೆ ಬಂದ ದಿನವೇ ಅದರಲ್ಲಿ ಹಾಗೆಂದು ನಮೂದಾಗಿದೆಯೇ ಎಂದು ನೋಡಿ, ತಪ್ಪಿದ್ದರೆ ಪ್ರಯಾಣಕ್ಕೆ ಮೊದಲೇ ತಿದ್ದಿಸಿಕೊಳ್ಳಿ. ಹೊರಡುವಾಗ ಮೂರು ತಿಂಗಳ ಔಷಧಿ, ಇನ್ಸುಲಿನ್ ಒಯ್ಯಲು ವೈದ್ಯರ ಪತ್ರ ಮತ್ತು ಆ ಮನೋವೈದ್ಯರ ವರದಿಯ ಒಂದು ಪ್ರತಿ ಕೈಚೀಲದಲ್ಲೇ ಇರಲಿ, ಲೆಸ್ಟರ್‌ನ ವೈದ್ಯರು ಮೊದಲು ಕೇಳುವುದು ಅದನ್ನೇ.